ಕನಕಪುರವೂ ಮಾಗಡಿಯೂ ಗೆದ್ದ ವರ್ಷ

ಕಳೆದ ತಿಂಗಳು ರಾಮನಗರದ ಕಾಲೇಜೊಂದು ಚರ್ಚಾಸ್ಪರ್ಧೆಗೆ ತೀರ್ಪುಗಾರ್ತಿಯಾಗಿ ನನ್ನನ್ನು ಕರೆದಿತ್ತು. ರೈಲಿಳಿದು ನಿಲ್ದಾಣದ ಹೊರಗೆ ಬಂದು ನಿಂತೆ. ಗಾಳಿ ಊರಿನ ಕಡೆಯಿಂದ ತಿರುಗಿ ಬೀಸಿತು. ಬೇಯುವ ರೇಷ್ಮೆಗೂಡಿನ ವಾಸನೆ ಮುಖಕ್ಕೆ ಬಂದು ಬಡಿಯಿತು. ಬಿಸಿನೀರು, ಸತ್ತ ಹುಳು, ಒದ್ದೆ ನೂಲು, ಸೌದೆಯ ಹೊಗೆ ಎಲ್ಲವೂ ಕಲೆತ ಆ ವಾಸನೆಗೆ ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ಊರಿನವರಿಗೆ ಅದು ಇದೆಯೆಂಬುದೇ ಮರೆತುಹೋಗಿರುತ್ತದೆ. ಇತರರಿಗೆ ವಾಸನೆಗಳು ತಾಯಿಯನ್ನೋ ತವರನ್ನೋ ಮರಳಿಸುತ್ತವೆ ಎಂದು ಕೇಳಿದ್ದೇನೆ. ಇದು ನನಗೆ ಮರಳಿಸಿದ್ದು ಮತ್ಸರವನ್ನು. ಅದು ಒಂದಿಷ್ಟೂ ಮಾಸದೆ, ಇಟ್ಟಲ್ಲೇ ಇಟ್ಟ ಹಾಗೆ ಇತ್ತು.

ರಾಮನಗರ ಜಿಲ್ಲೆಯಾದ ವರ್ಷದ ಮಳೆಗಾಲ ಅದು. ಹೆದ್ದಾರಿಯ ಇಕ್ಕೆಲಗಳಲ್ಲಿ ಹಿಪ್ಪುನೇರಳೆ ತೋಟಗಳ ನಡುವೆ ತಗಡಿನ ಮಾಡುಗಳು ಏಳುತ್ತಿದ್ದವು. ಬಿಡದಿಯ ಕಡೆಗೆ ಕಾರ್ಖಾನೆ, ಹಾರೋಹಳ್ಳಿಯ ಕಡೆಗೆ ಕಾರ್ಖಾನೆ. ಬೆಳಿಗ್ಗೆ ಸಮವಸ್ತ್ರ ತೊಟ್ಟವರನ್ನು ತುಂಬಿಕೊಂಡ ಬಸ್ಸುಗಳು ಗೂಡಿನ ಮೂಟೆ ಹೊತ್ತ ಟೆಂಪೋಗಳನ್ನು ದಾಟಿಕೊಂಡು ಹೋಗುತ್ತಿದ್ದವು. ನಾಲ್ಕು ತಾಲ್ಲೂಕುಗಳನ್ನು ಸೇರಿಸಿ ಹೊಸ ಜಿಲ್ಲೆಯೇನೋ ಆಗಿತ್ತು, ಆದರೆ ಮನಸ್ಸುಗಳು ಸೇರಿರಲಿಲ್ಲ. ಜಿಲ್ಲೆಗೆ ರಾಮನಗರದ ಹೆಸರು ಬಂತೆಂದು ಕನಕಪುರಕ್ಕೆ ಸಿಟ್ಟು. ತಮ್ಮನ್ನು ಯಾರೂ ಕೇಳಲೇ ಇಲ್ಲವೆಂದು ಮಾಗಡಿಗೆ ಸಿಟ್ಟು. ಗೊಂಬೆ ತಮ್ಮದು, ಪ್ರವಾಸಿಗರು ತಮ್ಮವರು, ಆದರೂ ಕಚೇರಿ ಮಾತ್ರ ಪಕ್ಕದೂರಿಗೆ ಎಂದು ಚನ್ನಪಟ್ಟಣಕ್ಕೆ ಸಿಟ್ಟು. ಮತ್ಸರದ ವಿಷಯದಲ್ಲಿ ನಾನು ಆ ಜಿಲ್ಲೆಯ ನಿಷ್ಠಾವಂತ ಪ್ರಜೆಯಾಗಿದ್ದೆ.

ನಾನು ಕೂಟಗಲ್ಲಿನವಳು, ರೇಷ್ಮೆಹುಳು ಸಾಕುವ ಮನೆಯವಳು. ಎಂ.ಎಸ್ಸಿ. ಮುಗಿಸಿ ರಾಮನಗರದ ಕಾಲೇಜಿನಲ್ಲಿ ಗಣಿತದ ಅತಿಥಿ ಉಪನ್ಯಾಸಕಿಯಾಗಿದ್ದೆ. ಅತಿಥಿ ಎಂಬ ಪದವನ್ನು ಕಾಲೇಜಿನವರು ಅಕ್ಷರಶಃ ಪಾಲಿಸುತ್ತಿದ್ದರು. ಯಾವಾಗ ಹೊರಡುತ್ತೀರಿ ಎಂದು ಬಾಯಿಬಿಟ್ಟು ಕೇಳುತ್ತಿರಲಿಲ್ಲ, ಅಷ್ಟೆ. ಓದುವ ಕಾಲದಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನದ ಕಪ್‌ಗಳನ್ನು ಗೆದ್ದಿದ್ದೆ. ಸಮಾಜದ ಯಾವ ದೋಷವನ್ನಾದರೂ ಸರಿಯಾದ ವಾದದಿಂದ ಸರಿಪಡಿಸಬಹುದು ಎಂದು ಮನಃಪೂರ್ವಕವಾಗಿ ನಂಬಿದ್ದೆ.

ಆ ವರ್ಷ ಗೂಡು ಬೆಳೆಯುವ ರೈತರೂ ನೂಲು ತೆಗೆಯುವ ರೀಲರುಗಳೂ ಸೇರಿ ಕಟ್ಟಿಕೊಂಡಿದ್ದ ಸಂಘವೊಂದಕ್ಕೆ ಕಾರ್ಖಾನೆಯೊಂದು ತನ್ನ ಹಳೆಯ ಕಂಪ್ಯೂಟರುಗಳನ್ನು ದಾನವಾಗಿ ಕೊಟ್ಟಿತು. ಅವನ್ನೇನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಗೂಡಿನ ಮಾರುಕಟ್ಟೆಯ ಹಿಂದೆ, ಗೋದಾಮಿನ ಮೇಲಿನ ಕೋಣೆಯಲ್ಲಿ ಮಕ್ಕಳಿಗೆ ಪಾಠ ಮಾಡುತ್ತೇನೆಂದು ನಾನೇ ಹೋಗಿ ಕೇಳಿಕೊಂಡೆ. ಸಂಘದ ಅಧ್ಯಕ್ಷರು ಕಬ್ಬಾಳಿನ ಪುಟ್ಟಸ್ವಾಮಪ್ಪನವರು. ಹಿಪ್ಪುನೇರಳೆ ಸೊಪ್ಪನ್ನು ಬೆರಳಲ್ಲಿ ಉಜ್ಜಿ ನೋಡಿ ಬೆಲೆ ಹೇಳುವ ಹಿರಿಯರು.

"ಪಾಠ ಮಾಡವ್ವ, ಬ್ಯಾಡ ಅನ್ನಕಿಲ್ಲ. ದೀಪಾವಳಿ ಒಳಗೆ ಇದ್ರಿಂದ ಗೂಡ್ನೋರ್ಗೆ ಏನುಪ್ಯೋಗ ಅಂತ ಸಭೇಲಿ ತೋರ್ಸು. ಜನ ಒಪ್ಪುದ್ರೆ ಮುಂದುಕ್ಕೂ ನಡೀಲಿ, ಒಬ್ರು ಟೀಚರ್ಗೆ ತಿಂಗ್ಳಾ ತಿಂಗ್ಳಾ ಸಂಬ್ಳ ಅಂತ ಮಾಡಾನ. ಒಪ್ನಿಲ್ಲ ಅಂದ್ರೆ ಆ ಡಬ್ಬಗಳ್ನ ಗುಜರಿಗಾಕದು. ಆಯ್ತಾ?" ಎಂದರು.

ಆಯಿತು ಎಂದೆ. ಆ ಹುದ್ದೆ ನನಗೆ ಬೇಕಿತ್ತು. ಜೀವನದಲ್ಲಿ ಮೊದಲ ಸಲ ಅತಿಥಿಯಲ್ಲದೆ ಒಡತಿಯಾಗುವ ಒಂದು ಕೋಣೆ ಕಣ್ಣೆದುರು ಇತ್ತು.

ಬಸ್‌ನಿಲ್ದಾಣದ ಎದುರಿನ ತರಬೇತಿ ಕೇಂದ್ರಗಳು ಟೈಪಿಂಗ್ ಕಲಿಸಿ ಪ್ರಮಾಣಪತ್ರ ಕೊಡುತ್ತಿದ್ದವು. ನಾನು ಅದನ್ನು ಕಲಿಸುವುದಿಲ್ಲವೆಂದು ಮೊದಲ ದಿನವೇ ಘೋಷಿಸಿದೆ. ಯಂತ್ರಕ್ಕೆ ಆಜ್ಞೆ ಕೊಡುವುದು ಹೇಗೆಂಬುದನ್ನು ಬೇರಿನಿಂದ ಕಲಿಯಬೇಕು, ಹಾಗಾಗಿ ಕಂಪ್ಯೂಟರಿನ ಹಳೆಯ ಭಾಷೆಯಾದ ಫೋರ್ಟ್ರಾನ್‌ನಿಂದಲೇ ಆರಂಭ ಎಂದೆ. ನಾನು ಎಂ.ಎಸ್ಸಿ.ಯಲ್ಲಿ ಕಲಿತಿದ್ದೂ ಅದನ್ನೇ. ನನ್ನ ಬಳಿ ಫ್ಲಾಪಿಯಲ್ಲಿ ಇದ್ದದ್ದೂ ಅದರ ಹಳೆಯ ಕಂಪೈಲರೇ. ಆದರೂ ನನ್ನ ಆಯ್ಕೆಗೆ ಅನಿವಾರ್ಯಕ್ಕಿಂತ ಮೇಲಾದ ಕಾರಣವಿತ್ತು. ಆ ಭಾಷೆಯ ಚರಿತ್ರೆಯಷ್ಟು ಒಳ್ಳೆಯ ವಾದವನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ಅದನ್ನು ನಾನು ಹೀಗೆ ಹೇಳುತ್ತಿದ್ದೆ. ಐವತ್ತರ ದಶಕದಲ್ಲಿ ಯಂತ್ರದೊಂದಿಗೆ ಮಾತಾಡುವವರು ಯಂತ್ರದ ಭಾಷೆಯಲ್ಲೇ, ಬರಿಯ ಅಂಕಿಗಳ ಸಾಲುಗಳಲ್ಲೇ ಬರೆಯಬೇಕಿತ್ತು. ಬಲ್ಲವರು ಬೆರಳೆಣಿಕೆಯಷ್ಟು, ಅವರು ಬರೆದದ್ದು ಇನ್ನೊಬ್ಬರಿಗೆ ಓದಲಾಗದು. ಆಗ ಒಂದು ಚಿಕ್ಕ ತಂಡ ಒಂದು ಮಾತೆತ್ತಿತು: ಮನುಷ್ಯ ಶಾಲೆಯಲ್ಲಿ ಕಲಿತ ಸೂತ್ರದ ಹಾಗೆ ಬರೆಯಲಿ, ಅದನ್ನು ಯಂತ್ರದ ಅಂಕಿಗಳಿಗೆ ತಿರುಗಿಸುವ ಕೆಲಸವನ್ನು ಯಂತ್ರವೇ ಮಾಡಲಿ. ಹಾಗೆ ತಿರುಗಿಸುವ ಕಾರ್ಯಕ್ರಮವೇ ಕಂಪೈಲರು. ಬಲ್ಲವರು ನಕ್ಕರು. ಕೈಯಲ್ಲಿ ಬರೆದಷ್ಟು ಬಿಗಿಯಾಗಿ ಯಂತ್ರ ಬರೆಯಲಾರದು, ಅದು ಬರೆದದ್ದು ನಿಧಾನವಾಗಿ ಓಡುತ್ತದೆ ಎಂದರು. ಅದಕ್ಕೇ ಆ ತಂಡದವರು ವರ್ಷಗಟ್ಟಲೆ ಕುಳಿತು ಮೊದಲ ಕಂಪೈಲರಿಗೆ ಒಂದು ಹೆಜ್ಜೆಯನ್ನೂ ವ್ಯರ್ಥ ಮಾಡದ ಜಿಪುಣತನವನ್ನು ಕಲಿಸಿದರು. ಕೊನೆಗೆ ಅದು ಬರೆದುಕೊಟ್ಟ ಕೆಲವು ಯುಕ್ತಿಗಳನ್ನು ನೋಡಿ, ಇದು ನಾವು ಹೇಳಿಕೊಟ್ಟದ್ದಲ್ಲವಲ್ಲ ಎಂದು ಮಾಡಿದವರೇ ಬೆರಗಾದರಂತೆ. ಇಲ್ಲಿಗೆ ಬಂದಾಗ ನಾನು ದನಿ ತಗ್ಗಿಸುತ್ತಿದ್ದೆ. ಸ್ಪರ್ಧೆಗಳಲ್ಲಿ ಚಪ್ಪಾಳೆ ಬೀಳುತ್ತಿದ್ದುದು ಅಂಥ ಕಡೆಗಳಲ್ಲೇ.

ಕೋಣೆಯಲ್ಲಿ ಚಪ್ಪಾಳೆ ಬೀಳಲಿಲ್ಲ. ಆದರೆ ಕಿಟಕಿಯ ಪಕ್ಕ ಕುಳಿತ ಹುಡುಗಿಯೊಬ್ಬಳು ಕೆನ್ನೆಯಿಂದ ಕೈ ತೆಗೆದು ನೆಟ್ಟಗೆ ಕುಳಿತಳು. ಅವಳೇ ನಸೀಮಾ. ಗೋದಾಮಿನ ಹಿಂಬದಿಯಲ್ಲಿ ನೂಲು ತೆಗೆಯುವ ಘಟಕ ನಡೆಸುತ್ತಿದ್ದ ಬಷೀರ್ ಸಾಹೇಬರ ಮಗಳು, ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಳು. ಅವಳನ್ನು ಈ ತರಗತಿಗೆ ಕಳಿಸುವಂತೆ ಅವರ ಮನೆಗೆ ಹೋಗಿ ತಂದೆಯನ್ನು ಒಪ್ಪಿಸಿದ್ದು ನಾನು. ಅವಳು ನನ್ನ ಗೆಲುವು. ಹಾಗೆಂದೇ ಅವಳನ್ನು ನೋಡುತ್ತಿದ್ದೆ.

ಭಾಷೆ ಬೆಳೆದ ಕ್ರಮದಲ್ಲೇ ಪಾಠವೂ ಬೆಳೆಯಿತು. ಎರಡನೆಯ ಫೋರ್ಟ್ರಾನ್‌ನಲ್ಲಿ ದೊಡ್ಡ ಕೆಲಸವನ್ನು ತುಂಡು ಮಾಡಿ ಬೇರೆಬೇರೆಯಾಗಿ ಕಂಪೈಲ್ ಮಾಡುವ ಅನುಕೂಲ ಬಂತು. ಆಮೇಲೆ ಒಂದೊಂದು ಯಂತ್ರದ ಕಂಪನಿಯೂ ತನ್ನದೇ ಕಂಪೈಲರು ಮಾಡಿ, ಮಂಡ್ಯದವರ ಕನ್ನಡ ಧಾರವಾಡದವರಿಗೆ ತೊಡಕಾಗುವ ಹಾಗೆ, ಒಂದರಲ್ಲಿ ಓಡಿದ್ದು ಇನ್ನೊಂದರಲ್ಲಿ ಓಡದಾಯಿತು. ಅರವತ್ತರ ದಶಕದಲ್ಲಿ ಎಲ್ಲರೂ ಕುಳಿತು ಒಂದು ಶಿಷ್ಟರೂಪವನ್ನು ಒಪ್ಪಿದರು. ಎಪ್ಪತ್ತರ ದಶಕದ ಕೊನೆಗೆ 'ಹೀಗಾದರೆ ಹಾಗೆ, ಇಲ್ಲವಾದರೆ ಹೀಗೆ' ಎಂದು ಬಿಡಿಸಿ ಹೇಳುವ ಸೌಕರ್ಯ ಬಂತು. ಎಪ್ಪತ್ತೇಳನೆಯ ಇಸವಿಯ ಹೆಸರಿನ ಆ ರೂಪಕ್ಕೆ ನನ್ನ ಫ್ಲಾಪಿಯೂ ನನ್ನ ಜ್ಞಾನವೂ ನಿಂತಿದ್ದವು. ಅಲ್ಲಿಂದ ಮುಂದಿನದು ಅನಗತ್ಯವಾದ ಅಲಂಕಾರ ಎಂದು ವಾದಿಸುವುದು ನನಗೆ ಕಷ್ಟವಾಗಿರಲಿಲ್ಲ.

ಹೀಗಿರುವಾಗ ಒಂದು ಭಾನುವಾರ, ಸೋನೆ ಮಳೆಯಲ್ಲಿ ಬೈಕು ನಿಲ್ಲಿಸಿ ಕೆಂಪರಾಜು ಬಂದ. ಮರಳವಾಡಿಯವನು, ಡಿಗ್ರಿಯಲ್ಲಿ ನನ್ನ ಸಹಪಾಠಿ. ನನ್ನ ಚರ್ಚಾಸ್ಪರ್ಧೆಗಳಿಗೆ ಬಂದು ಹಿಂದಿನ ಬೆಂಚಿನಲ್ಲಿ ಗೊರಕೆ ಹೊಡೆದವನು. ಈಗ ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಕಂಪ್ಯೂಟರಿನ ಆಜ್ಞೆಯಂತೆ ಕಬ್ಬಿಣ ಕೊರೆಯುವ ಯಂತ್ರ ನೋಡಿಕೊಳ್ಳುತ್ತಿದ್ದ.

"ಏನ್ ಲಾಯರಮ್ಮ, ಪಾಠ ಮಾಡ್ತಿದ್ದೀಯಂತೆ? ಕೇಳ್ಕೊಂಡೋಗನ ಅಂತ ಬಂದೆ. ಈ ಸಲಿ ನಿದ್ದೆ ಮಾಡಕಿಲ್ಲ," ಎಂದ. ಕೋಣೆಗೆ ಕೋಣೆಯೇ ನಕ್ಕಿತು. ನನ್ನ ತರಗತಿ ನಗುವುದನ್ನು ನಾನು ಅಂದೇ ಮೊದಲು ಕೇಳಿದ್ದು.

ಹಲಗೆಯ ಮೇಲೆ ನಾನು ಬರೆದಿದ್ದ ಸಾಲುಗಳನ್ನು ಅವನು ತಲೆ ಓರೆ ಮಾಡಿ ನೋಡಿದ. "ಎಲ್ಲಾ ಸಾಲ್ಗೂ ಮುಂದೆ ಆಟೊಂದು ಜಾಗ ಯಾಕಕ್ಕ ಬುಟ್ಟಿದ್ದೀಯಾ?"

ಹಿಂದೆ ಆಜ್ಞೆಗಳನ್ನು ತೂತು ಕೊರೆದ ರಟ್ಟಿನ ಕಾರ್ಡುಗಳಲ್ಲಿ ಕೊಡುತ್ತಿದ್ದರು, ಕಾರ್ಡಿನ ಮೊದಲ ಕೆಲವು ಅಂಕಣಗಳು ಬೇರೆ ಕೆಲಸಕ್ಕೆ ಮೀಸಲು, ಆ ಪದ್ಧತಿಯೇ ಉಳಿದಿದೆ ಎಂದು ವಿವರಿಸಿದೆ.

"ಕಾರ್ಡೇ ಹೋಗಿ ಎಷ್ಟೋ ಕಾಲಾಯ್ತು, ಕಾರ್ಡಿನ ಜಾಗ ಮಾತ್ರ ಉಳಿಸ್ಕೊಂಡಿದ್ದೀರಾ. ಸತ್ತೋಗಿರೋ ದೊಡ್ಡಪ್ಪಂಗೆ ಪಂಕ್ತಿಲಿ ಎಲೆ ಹಾಕ್ದಂಗಾಯ್ತು ಕಣ್ರೋ!"

ಮತ್ತೆ ನಗು. ನಸೀಮಾ ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ನಕ್ಕಳು. ನನಗೆ ಆ ನಗು ಎದೆಯ ಎಡಗಡೆ ಚುಚ್ಚಿದ್ದು ಈಗಲೂ ನೆನಪಿದೆ. ಉಪಮೆ ಚೆನ್ನಾಗಿತ್ತು. ಚೆನ್ನಾಗಿದ್ದುದೇ ತೊಂದರೆ. ಆ ಕಾರ್ಡಿನ ಜಾಗದ ಬಗ್ಗೆ ನಾನು ಒಂದು ಇಡೀ ತರಗತಿ ಮಾತಾಡಿದ್ದೆ. ಯಾರ ಮನಸ್ಸಿಗೂ ಹತ್ತಿರಲಿಲ್ಲ. ಅವನು ಒಂದು ಬಾಳೆಲೆ ಹಾಸಿ ಮುಗಿಸಿದ.

ಅಂದಿನಿಂದ ಪ್ರತಿ ಭಾನುವಾರವೂ ಬಂದ. ಹೊಸ ಕಂಪೈಲರೊಂದನ್ನು ಸೀಡಿಯಲ್ಲಿ ತಂದ. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ, ಜಗತ್ತಿನ ಹವ್ಯಾಸಿಗಳೆಲ್ಲ ಸೇರಿ ತಿದ್ದುತ್ತಿದ್ದ ಕಂಪೈಲರದು. ತೊಂಬತ್ತರ ದಶಕದಲ್ಲಿ ಬಂದ ಹೊಸ ರೂಪವೂ ಅದಕ್ಕೆ ಅರ್ಥವಾಗುತ್ತಿತ್ತು. ಜಾಗ ಬಿಡುವ ಹಂಗಿಲ್ಲ. ಒಂದು ಇಡೀ ಸಾಲು ಅಂಕಿಗಳನ್ನು ಒಂದೇ ಮಾತಲ್ಲಿ ಕೂಡಿಸಬಹುದು. ಹೊರಗಿನಿಂದ ಯಾರು ಏನು ತಂದರೂ ಮೊದಲು ಇಲ್ಲಿಯದನ್ನು ಮುಗಿಸೋಣ ಎಂದು ನಾನು ಸೀಡಿಯನ್ನು ಮೇಜಿನ ಡ್ರಾಯರಿನಲ್ಲಿಟ್ಟೆ. ಶಿಸ್ತಿನ ಹೆಸರಿನಲ್ಲಿ ಮಾಡಿದ ಆ ಕೆಲಸಕ್ಕೆ ಶಿಸ್ತೇ ಕಾರಣವೆಂದು ಆಗ ನಂಬಿದ್ದೆ. ಈಗ ಹಾಗೆ ಹೇಳಿದರೆ ಯಾವ ತೀರ್ಪುಗಾರನೂ ಅಂಕ ಕೊಡಲಾರ.

ಮತ್ಸರಕ್ಕೆ ದೊಡ್ಡ ಘಟನೆಗಳೇನೂ ಬೇಡ. ನಸೀಮಾಳ ಮನೆಯಿಂದ ಭಾನುವಾರಗಳಂದು ಫ್ಲಾಸ್ಕಿನಲ್ಲಿ ಚಹಾ ಬರತೊಡಗಿತು. ಉಳಿದ ದಿನಗಳಲ್ಲಿ ಬರುತ್ತಿರಲಿಲ್ಲ. ನನ್ನನ್ನು 'ಮೇಡಂ' ಎಂದು ಕರೆಯುವವಳು ಅವನನ್ನು 'ರಾಜಣ್ಣ' ಎನ್ನುತ್ತಿದ್ದಳು. ನನ್ನ ಬಳಿ ಕೇಳಿದ ಪ್ರಶ್ನೆಯನ್ನೇ ಅವನ ಬಳಿ ಇನ್ನೊಮ್ಮೆ ಕೇಳುತ್ತಿದ್ದಳು. ನಾನು ಕೊಟ್ಟ ಉತ್ತರ ಸರಿಯಿದೆಯೇ ಎಂದು ನೋಡುವುದಕ್ಕಲ್ಲ, ಕೇಳುವ ಸಂತೋಷಕ್ಕೆ. ಇದು ಇನ್ನೂ ಕೆಟ್ಟದ್ದಾಗಿತ್ತು.

ದೀಪಾವಳಿಯ ಸಭೆಗೆ ಏನು ತೋರಿಸುವುದೆಂಬ ಯೋಚನೆ ಮಾತ್ರ ಪೂರ್ತಿ ನನ್ನದು. ಒಂದು ಕೆಜಿ ನೂಲು ತೆಗೆಯಲು ಎಷ್ಟು ಕೆಜಿ ಗೂಡು ಬೇಕಾಗುತ್ತದೆ ಎಂಬ ಲೆಕ್ಕಕ್ಕೆ ರೀಲರುಗಳು ರೆಂಡಿಟ್ಟ ಎನ್ನುತ್ತಾರೆ. ಅದು ಕಡಿಮೆಯಾದಷ್ಟೂ ಗೂಡು ಉತ್ತಮ. ನಾಲ್ಕು ತಾಲ್ಲೂಕುಗಳ ಗೂಡಿನಿಂದ ಎಷ್ಟೆಷ್ಟು ನೂಲು ಬಂತೆಂದು ಬಷೀರ್ ಸಾಹೇಬರಂಥ ರೀಲರುಗಳಿಂದ ವಿದ್ಯಾರ್ಥಿಗಳು ಕೇಳಿ ತರುವುದು. ಯಂತ್ರ ಪ್ರತಿ ತಾಲ್ಲೂಕಿನ ಸರಾಸರಿ ತೆಗೆದು ಯಾವ ತಾಲ್ಲೂಕಿನ ಗೂಡು ಮೇಲೆಂದು ಹೇಳುವುದು. ಪುಸ್ತಕಗಳಲ್ಲಿ ಇಂಥ ಲೆಕ್ಕಕ್ಕೆ ಎಕ್ಸ್, ವೈ ಎಂದು ಹೆಸರಿಡುತ್ತಾರೆ. ನಾನು ಒಪ್ಪಲಿಲ್ಲ. ನಮ್ಮ ನೆಲದ ಲೆಕ್ಕದಲ್ಲಿ ನಮ್ಮ ಊರುಗಳ ಹೆಸರಿರಲಿ ಎಂದೆ. ಆರು ಅಕ್ಷರ ಮೀರದಂತೆ ಇಂಗ್ಲಿಷಿನಲ್ಲಿ ರಾಮ, ಚನ್ನ, ಕನಕ, ಮಾಗಡಿ ಎಂದು ನಸೀಮಾ ಟೈಪು ಮಾಡಿದಳು. ಅಂಕಿಗಳನ್ನು ತೋರಿಸಿದರೆ ಕೂದಲೆಳೆಯ ವ್ಯತ್ಯಾಸಕ್ಕೂ ಜಗಳವಾದೀತೆಂದು, ಪರದೆಯ ಮೇಲೆ ಬರಿಯ ಊರಿನ ಹೆಸರು ಕ್ರಮವಾಗಿ ಬರುವಂತೆ ಮಾಡಿಸಿದ್ದೂ ನಾನೇ.

ಸಭೆಗೆ ಮೊದಲು ಪುಟ್ಟಸ್ವಾಮಪ್ಪನವರನ್ನೂ ಕೆಲವು ರೀಲರುಗಳನ್ನೂ ಕರೆದು ಓಡಿಸಿ ತೋರಿಸಿದೆವು. ಯಂತ್ರ ಕೊಂಚ ಗುರುಗುಟ್ಟಿ ಬರೆಯಿತು: ಕನಕಪುರ, ಮಾಗಡಿ ಸರಿಸಮವಾಗಿ ಮೊದಲು. ಆಮೇಲೆ ರಾಮನಗರ. ಕೊನೆಗೆ ಚನ್ನಪಟ್ಟಣ.

ಪುಟ್ಟಸ್ವಾಮಪ್ಪನವರ ಕಬ್ಬಾಳು ಇರುವುದು ಕನಕಪುರ ತಾಲ್ಲೂಕಿನಲ್ಲಿ. ಅವರು ಎದ್ದು ನಿಂತು ಪಂಚೆ ಸರಿಮಾಡಿಕೊಂಡರು. "ನೋಡ್ರಪ್ಪಾ! ನಾವೇಳುದ್ರೆ ಜಂಬ ಅಂತಿದ್ರಿ. ಈಗ ಡಬ್ಬನೇ ಹೇಳ್ತದೆ."

"ಅರೆ ಗೌಡ್ರೇ, ನಿಮ್ಮ ಗೂಡು ನನ್ನ ಬೇಸಿನ್ನಲ್ಲೇ ಬೇಯೋದು," ಎಂದು ಬಷೀರ್ ಸಾಹೇಬರು ಗಡ್ಡ ಸವರಿಕೊಂಡರು. "ನಿಮ್ಮದು ಒಳ್ಳೇದೇ, ಇಲ್ಲ ಅನ್ನಲ್ಲ. ಆದ್ರೆ ರಾಮನಗರದಕ್ಕಿಂತ ಮೇಲಾ? ಮಷೀನಿಗೆ ನೀವೇನಾದ್ರೂ ಬಿರಿಯಾನಿ ಹಾಕಿಸಿದ್ರಾ?"

ವಾದವೆಂದರೆ ನನ್ನ ರಕ್ತ ಬಿಸಿಯಾಗುತ್ತಿತ್ತು. ಎದ್ದು ನಿಂತೆ. ಕನಕಪುರದ ಕೆಮ್ಮಣ್ಣು, ಮಾಗಡಿಯ ಎತ್ತರದ ತಂಪು, ಅಲ್ಲಿಯ ಸೊಪ್ಪಿನ ತೇವ, ಹೆದ್ದಾರಿಯ ಹೊಗೆ ತಾಗದ ತೋಟಗಳು ಎಂದು ಒಂದರ ಮೇಲೊಂದು ಕಾರಣ ಜೋಡಿಸಿದೆ. ಜೋಡಿಸುತ್ತ ಹೋದಂತೆ ಅದೆಲ್ಲ ನಿಜವೆಂದು ನನಗೇ ಅನ್ನಿಸಿತು. ಆ ವಾರ ಗೂಡಿನ ಮಾರುಕಟ್ಟೆಯಲ್ಲಿ ಕನಕಪುರದ ರೈತರು ಎದೆಯುಬ್ಬಿಸಿ ನಡೆದರಂತೆ. ಮಾಗಡಿಯವರು ಟೀ ಅಂಗಡಿಯಲ್ಲಿ ಚನ್ನಪಟ್ಟಣದವರಿಗೆ, "ನೀವು ಗೊಂಬೆ ಮಾಡ್ಕೊಂಡಿರ್ರಪ್ಪಾ, ಗೂಡು ನಮ್ಗೆ ಬುಡಿ," ಎಂದರಂತೆ. ನನ್ನ ಮಾತನ್ನು ಜನ ಮಾರುಕಟ್ಟೆಯಲ್ಲಿ ಉದ್ಧರಿಸುತ್ತಿದ್ದಾರೆ ಎಂದು ಕೇಳಿ ಹಿಗ್ಗಿದೆ. ಕೆಂಪರಾಜುವಿನ ಬಾಳೆಲೆಯನ್ನು ಯಾರೂ ಅಲ್ಲಿಯವರೆಗೆ ಒಯ್ದಿರಲಿಲ್ಲ.

ಹಿಗ್ಗು ಉಳಿದದ್ದು ಮುಂದಿನ ಸೋಮವಾರದವರೆಗೆ. ಮಧ್ಯಾಹ್ನ ಕಾಲೇಜಿನ ಸ್ಟಾಫ್ ರೂಮಿಗೆ ನಸೀಮಾ ಬಂದಳು. ಅವಳ ಹಿಂದೆ ಕೆಂಪರಾಜು, ಹೆಲ್ಮೆಟ್ಟನ್ನು ತೋಳಿಗೆ ನೇತುಹಾಕಿಕೊಂಡು.

"ಮೇಡಂ, ಒಂದು ಅನುಮಾನ ಇತ್ತು," ಎಂದಳು. "ಎರಡು ತಾಲ್ಲೂಕು ಕರೆಕ್ಟಾಗಿ ಸರಿಸಮ ಹೆಂಗ್ ಬರತ್ತೆ? ನಮ್ಮ ಅಬ್ಬಾ ಒಂದೇ ಮೂಟೆ ಗೂಡನ್ನ ಎರಡು ಬೇಸಿನ್ನಿಗೆ ಹಾಕಿದ್ರೂ ನೂಲು ಒಂದೇ ಥರ ಬರಲ್ಲ. ಅದಕ್ಕೆ ರಾಜಣ್ಣನ ಹೊಸ ಕಂಪೈಲರಲ್ಲಿ ಹಾಕಿ ನೋಡಿದೆ."

ಡ್ರಾಯರಿನಲ್ಲಿಟ್ಟ ಸೀಡಿಯ ಇನ್ನೊಂದು ಪ್ರತಿಯನ್ನು ಅವನು ಅವಳಿಗೆ ಕೊಟ್ಟಿದ್ದ. ಹೊಸ ರೂಪದ ಫೋರ್ಟ್ರಾನ್‌ನಲ್ಲಿ ಮೊದಲ ಸಾಲಿಗೇ ಒಂದು ಎಚ್ಚರಿಕೆಯ ಮಾತು ಬರೆಯುವ ರೂಢಿಯಿದೆ: ನಾನು ಹೇಳದ್ದನ್ನು ನೀನಾಗಿ ಊಹಿಸಬೇಡ. ಅದನ್ನು ಬರೆದ ಕೂಡಲೇ ಕಂಪೈಲರು ನಾಲ್ಕು ಊರಿನ ಹೆಸರುಗಳನ್ನೂ ಹಿಡಿದು ನಿಲ್ಲಿಸಿತಂತೆ. ಇವು ಇಡಿಯ ಸಂಖ್ಯೆಗಳೋ, ದಶಮಾಂಶ ಇರುವವೋ, ಹೇಳಿದ ಹೊರತು ಮುಂದೆ ಹೋಗುವುದಿಲ್ಲ ಎಂದಿತಂತೆ. ಹಾಗಾದರೆ ಹಳೆಯದು ಇಷ್ಟು ದಿನ ಯಾರನ್ನು ಕೇಳಿ ಮುಂದೆ ಹೋಗುತ್ತಿತ್ತು ಎಂದು ಅವಳು ಯೋಚಿಸಿದ್ದಳು.

ಅವಳು ಮುಂದೆ ಹೇಳುವ ಮೊದಲೇ ನನಗೆ ಗೊತ್ತಾಯಿತು. ನಾನೇ ಪಾಠ ಮಾಡಿದ್ದ ನಿಯಮ. ಗಣಿತಜ್ಞರು ಎಣಿಕೆಗೆ ಐ, ಜೆ, ಕೆ ಎಂದು ಬರೆಯುವ ಅಭ್ಯಾಸವನ್ನು ಗೌರವಿಸಿ, ಮೊದಲ ಫೋರ್ಟ್ರಾನ್ ಮಾಡಿದವರು ಐ ಇಂದ ಎನ್ ವರೆಗಿನ ಅಕ್ಷರಗಳಿಂದ ಆರಂಭವಾಗುವ ಹೆಸರುಗಳನ್ನೆಲ್ಲ ಇಡಿಯ ಸಂಖ್ಯೆಗಳೆಂದು ಎಣಿಸಿದರು. ಇಡಿಯ ಸಂಖ್ಯೆಗೆ ಬಂದ ದಶಮಾಂಶವನ್ನು ಯಂತ್ರ ಕತ್ತರಿಸಿ ಎಸೆಯುತ್ತದೆ. ಕನಕಕ್ಕೆ ಕೆ, ಮಾಗಡಿಗೆ ಎಮ್. ಆ ಎರಡು ತಾಲ್ಲೂಕುಗಳ ಲೆಕ್ಕದ ಬಾಲ ಕತ್ತರಿಸಿಹೋಗಿ, ರೆಂಡಿಟ್ಟ ಕಡಿಮೆಯೆನಿಸಿ ಅವು ಮೇಲೇರಿದ್ದವು. ಉಳಿದ ಎರಡರದು ಇಡಿಯಾಗಿ ಉಳಿದಿತ್ತು. ಎಕ್ಸ್, ವೈ ಎಂದು ಇಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಊರಿನ ಹೆಸರಿಡಬೇಕೆಂದು ಹಟ ಹಿಡಿದ ಸುಧಾರಕಿಗಾಗಿಯೇ ಅರ್ಧ ಶತಮಾನದಿಂದ ಕಾದುಕೊಂಡಿದ್ದಂತಿತ್ತು ಆ ನಿಯಮ.

"ನಿಂಗೆ ಗೊತ್ತಿರೋದೇ ಕಣಕ್ಕ, ಮರ್ತೋಗಿತ್ತು ಅಷ್ಟೆ," ಎಂದ ಕೆಂಪರಾಜು. ಅವನು ಅಣಕಿಸಿದ್ದರೆ ಸಹಿಸಬಹುದಿತ್ತು.

ತಪ್ಪಾದದ್ದು ನನ್ನನ್ನು ಅಷ್ಟು ಕಾಡಲಿಲ್ಲ. ತಪ್ಪುಗಳನ್ನು ತಿದ್ದುವುದೇ ನನ್ನ ವ್ರತವಾಗಿತ್ತು. ಕಾಡಿದ್ದು ಬೇರೆ. ಅನುಮಾನ ಹುಟ್ಟಿದಾಗ ಅವಳು ನನ್ನ ಬಳಿ ಬಂದಿರಲಿಲ್ಲ. ಉತ್ತರ ಸಿಕ್ಕ ಮೇಲೆ ಬಂದಿದ್ದಳು.

ಸಭೆಯ ದಿನ ಮಳೆ ಬಿಟ್ಟಿತ್ತು. ಗೋದಾಮಿನಲ್ಲಿ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಖಾಲಿ ಮಾಡಿ ಗೋಡೆಗೆ ಒರಗಿಸಿ, ಜಮಖಾನೆ ಹಾಸಿದ್ದರು. ನಾಲ್ಕು ತಾಲ್ಲೂಕುಗಳಿಂದಲೂ ಜನ ಬಂದಿದ್ದರು. ಕನಕಪುರದವರು ಮುಂದೆಯೇ ಕುಳಿತಿದ್ದರು. ತಿದ್ದುಪಡಿಯನ್ನು ನಾನೇ ಪ್ರಕಟಿಸುವುದೆಂದು ಸಿದ್ಧಳಾಗಿ ಹೋಗಿದ್ದೆ. "ಬೇಡ ಮೇಡಂ, ಟೈಪ್ ಮಾಡಿದ್ದು ನಾನು, ನಾನೇ ಹೇಳ್ತೀನಿ," ಎಂದು ನಸೀಮಾ ಎದ್ದೇಬಿಟ್ಟಳು. ದುಪಟ್ಟಾ ಸರಿಮಾಡಿಕೊಂಡು ಯಂತ್ರದ ಪಕ್ಕ ಹೋಗಿ ನಿಂತಳು.

"ಹೋದ ವಾರ ನಾವು ತಪ್ಪು ಹೇಳಿದ್ವಿ. ರಾಮನಗರ, ಚನ್ನಪಟ್ಟಣದ್ದನ್ನ ಸೇರು, ಪಾವು, ಚಟಾಕು ಎಲ್ಲ ಹಿಡಿದು ಅಳೆದ್ವಿ. ಕನಕಪುರ, ಮಾಗಡೀದನ್ನ ಸೇರಲ್ಲಿ ಮಾತ್ರ ಅಳೆದು ಮಿಕ್ಕಿದ್ದನ್ನ ನೆಲಕ್ಕೆ ಚೆಲ್ಲಿಬಿಟ್ವಿ. ಈಗ ಎಲ್ಲಾರ್ದೂ ಒಂದೇ ಅಳತೆ. ನೋಡಿ," ಎಂದು ಗುಂಡಿ ಒತ್ತಿದಳು.

ಮಾಗಡಿ ಮೊದಲೇ ಉಳಿಯಿತು. ರಾಮನಗರ ಎರಡನೆಯದಾಯಿತು. ಚನ್ನಪಟ್ಟಣ ಮೂರು. ಕನಕಪುರ ಕೊನೆಗೆ ಬಂತು.

ಚನ್ನಪಟ್ಟಣದ ಕಡೆಯಿಂದ ಯಾರೋ, "ಗೌಡ್ರೇ, ಚಟಾಕು ಎಲ್ ಚೆಲ್ಲೋಯ್ತು?" ಎಂದು ಕೂಗಿದರು. ಎಲ್ಲರೂ ಪುಟ್ಟಸ್ವಾಮಪ್ಪನವರ ಮುಖ ನೋಡಿದರು. ಅವರು ಟವೆಲಿನಿಂದ ಕತ್ತು ಒರೆಸಿಕೊಂಡು, ನಿಧಾನವಾಗಿ ನಕ್ಕರು.

"ಲೇ, ಸುಮ್ಕಿರ್ಲಾ. ಗೆದ್ದಾಗ ಡಬ್ಬ ನಂದು, ಸೋತಾಗ ನಿಂದು ಅನ್ನಕಾಯ್ತದಾ? ಅಧ್ಯಕ್ಸನ ತಾಲ್ಲೂಕ್ನೇ ಕೊನೀಗ್ ಹಾಕದೆ ಅಂದ್ರೆ ಈ ಡಬ್ಬಕ್ಕೆ ಯಾರ್ ಹಂಗೂ ಇಲ್ಲ ಅಂತಾಯ್ತು. ಪಾಠ ನಡೀಲಿ. ಏನಂತೀರಿ?"

ಕೈಗಳು ಎದ್ದವು. ತರಗತಿ ಉಳಿಯಿತು. ಇನ್ನು ಸಂಬಳದ ಶಿಕ್ಷಕರು ಯಾರು ಎಂಬ ಪ್ರಶ್ನೆ ಬಂತು. ಯಾರಾದರೂ ಮಾತಾಡುವುದಿದ್ದರೆ ಮಾತಾಡಿ ಎಂದರು ಅಧ್ಯಕ್ಷರು.

ಈ ಕ್ಷಣಕ್ಕಾಗಿ ನಾನು ಆ ಇಡೀ ಮಳೆಗಾಲ ಸಿದ್ಧತೆ ಮಾಡಿದ್ದೆ. ಕೆಂಪರಾಜುವನ್ನು ಜನ ಕೇಳಿಯಾರು ಎಂಬ ಭಯ ನನಗೆ. ಅವನ ಹೆಸರೆತ್ತದೆ ಅವನನ್ನು ಹೊರಗಿಡುವಂಥ ವಾದವನ್ನು ಒಂದೊಂದೇ ಗೋಡೆಯಾಗಿ ಕಟ್ಟಿಕೊಂಡು ಬಂದಿದ್ದೆ. ಸಭಾಧ್ಯಕ್ಷರಿಗೆ ವಂದಿಸಿ ಆರಂಭಿಸಿದೆ. ಈ ಕೋಣೆಯ ಶಿಕ್ಷಕರು ಹೊರಗಿನ ಕಾರ್ಖಾನೆಗೆ ಸೇರಿದವರಾಗಿರಬಾರದು. ಗೂಡಿನ ಬದುಕಿನೊಳಗೆ ಹುಟ್ಟಿ ಬೆಳೆದವರಾಗಿರಬೇಕು. ಯಂತ್ರ ಹೇಳಿದ್ದನ್ನು ನಂಬಿಬಿಡದೆ ಪ್ರಶ್ನಿಸುವ ಬುದ್ಧಿ ಇರಬೇಕು. ಪುಸ್ತಕದ ಮಾತನ್ನು ಮನೆಯ ಮಾತಾಗಿಸಲು ಬರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಆಕೆ ಹೆಣ್ಣಾಗಿರಬೇಕು. ಆಗಲೇ ಈ ಊರಿನ ತಾಯಂದಿರು ಹೆಣ್ಣುಮಕ್ಕಳನ್ನು ಈ ಮೆಟ್ಟಿಲು ಹತ್ತಿಸುತ್ತಾರೆ. ಅಂಥವರು ನಿಮ್ಮ ಕಣ್ಣ ಮುಂದೆಯೇ ಇದ್ದಾರೆ; ಹೆಸರನ್ನು ನಾನು ಹೇಳಬೇಕಾಗಿಲ್ಲ, ಎಂದು ಮುಗಿಸಿದೆ.

ನನ್ನ ಜೀವನದ ಅತ್ಯುತ್ತಮ ಭಾಷಣ ಅದು. ಚಪ್ಪಾಳೆ ಬಿತ್ತು. ಮೊದಲು ಚಪ್ಪಾಳೆ ತಟ್ಟಿದವನು ಕೆಂಪರಾಜು. ಅವನ ಕಣ್ಣು ನೋಡಿದಾಗಲೇ ಏನೋ ಜಾರಿದಂತಾಯಿತು. ಅವನು ನೋಡುತ್ತಿದ್ದುದು ನನ್ನನ್ನಲ್ಲ.

"ಚೆಂದಾಗ್ ಹೇಳ್ದೆ ಕಣವ್ವ, ದೊಡ್ಡ ಮನಸು ನಿಂದು," ಎಂದರು ಪುಟ್ಟಸ್ವಾಮಪ್ಪ. "ನಾವು ನಿನ್ನೇ ಕೇಳವಾ ಅಂತಿದ್ವಿ. ನೀನೇ ನಿನ್ ಶಿಷ್ಯೆಗೆ ಬುಟ್ಕೊಟ್ಟೆ. ಹೆಸ್ರು ಹೇಳ್ಬೇಕಾಗಿಲ್ಲ ಅಂದ್ಯಲ್ಲ, ಅದೇ ಸರಿ. ನಸೀಮಮ್ಮನೇ ಸೈ."

ನನ್ನ ವಾದದ ಯಾವ ಗೋಡೆಯನ್ನು ಕೆಡವಿ ನಾನು ಒಳಗೆ ಬರಲಿ? ಪ್ರತಿಯೊಂದು ಇಟ್ಟಿಗೆಯೂ ಅವಳ ಅಳತೆಗೇ ಕೊಯ್ದ ಹಾಗಿತ್ತು. ನಸೀಮಾ ಎರಡು ಕೈಗಳನ್ನೂ ಬಾಯಿಗೆ ಒತ್ತಿಕೊಂಡು ನನ್ನನ್ನು ನೋಡುತ್ತಿದ್ದಳು. ಅವಳ ಕಣ್ಣಲ್ಲಿ ತುಂಬಿದ್ದ ಕೃತಜ್ಞತೆಗೆ ಅರ್ಹಳಾಗುವಂಥ ಕೆಲಸವನ್ನು ನಾನು ಮಾಡಿರಲಿಲ್ಲ; ಮಾಡಿಲ್ಲವೆಂದು ಹೇಳುವ ಹಾಗೂ ಇರಲಿಲ್ಲ.

ಆದರೂ ಅದು ಅಲ್ಲಿಗೆ ಮುಗಿಯಲಿಲ್ಲ. ಜನ ಚದುರಿದ ಮೇಲೆ ಬಷೀರ್ ಸಾಹೇಬರು ನನ್ನನ್ನು ಬೇಸಿನ್ನುಗಳ ಕಡೆ ಕರೆದರು. ಕುದಿಯುವ ನೀರಿನ ಹಬೆಯ ನಡುವೆ ನಿಂತು, ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

"ಮೇಡಂ, ಎಲ್ಲಾರ ಮುಂದೆ ಬೇಡ ಅನ್ನಕ್ಕಾಗ್ಲಿಲ್ಲ. ನನಗೆ ಮನಸು ಗಟ್ಟಿ ಆಗ್ತಿಲ್ಲ. ಹುಡುಗಿ ಇನ್ನೂ ಓದ್ತಾ ಇದೆ. ಗಂಡಸ್ರು ಬರ್ತಾರೆ, ಹೋಗ್ತಾರೆ. ನಮ್ಮೋರು ಏನಾದ್ರೂ ಅಂತಾರೆ. ಇಲ್ಲಿಗೆ ಬಂದಿದ್ದೇ ನಿಮ್ಮ ಮಾತಿಗೆ. ಈಗ್ಲೂ ನೀವೇ ಹೇಳಿ. ಕಳಿಸ್ಲಾ, ಬೇಡ್ವಾ? ನೀವು ಬೇಡ ಅಂದ್ರೆ ಗೌಡ್ರಿಗೆ ನಾನು ಹೇಳ್ಕೋತೀನಿ."

ಮನುಷ್ಯರು ಮತ್ಸರದಿಂದ ಏನೇನೋ ಮಾಡುತ್ತಾರೆಂದು ಓದಿದ್ದೆ. ನಾನು ಮಾಡಬೇಕಾಗಿದ್ದುದು ಎಷ್ಟು ಸಣ್ಣದು! ಮೊದಲು ಡಿಗ್ರಿ ಮುಗಿಸಲಿ ಸಾಹೇಬರೇ, ಎಂದರೆ ಸಾಕಿತ್ತು. ಅದರಲ್ಲಿ ಸುಳ್ಳಿರಲಿಲ್ಲ. ಯಾರೂ ನನ್ನನ್ನು ದೂರುತ್ತಿರಲಿಲ್ಲ. ನಸೀಮಾ ಕೂಡ ಅದನ್ನು ಅಕ್ಕರೆ ಎಂದೇ ತಿಳಿಯುತ್ತಿದ್ದಳು. ಬೇಡ ಎನ್ನುವ ಪಕ್ಷಕ್ಕೆ ನಾಲ್ಕಾರು ಕಾರಣಗಳು ಆಗಲೇ ಸಾಲುಗಟ್ಟಿ ನಿಂತಿದ್ದವು. ಎಲ್ಲವೂ ಗೌರವಾನ್ವಿತ ಕಾರಣಗಳು. ಕಳಿಸಿ ಎನ್ನುವ ಪಕ್ಷಕ್ಕೂ ಕಾರಣಗಳಿದ್ದವು. ಆದರೆ ಅವನ್ನು ಹೇಳಲು ಬಾಯಿ ತೆರೆದರೆ ಮಾತಿನ ನಡುವೆ ಎಲ್ಲಿ ಪಕ್ಷ ಬದಲಾದೀತೋ ಎಂದು ನನಗೆ ನನ್ನ ಮೇಲೇ ಭಯವಾಯಿತು.

"ಕಳಿಸಿ," ಎಂದೆ.

ಅವರು ಕಾದರು.

"ಅಷ್ಟೇನಾ ಮೇಡಂ? ಯಾಕೆ, ಏನು ಅಂತ ಹೇಳಲ್ವಾ?"

"ಅಷ್ಟೇ ಸಾಹೇಬರೇ. ಕಳಿಸಿ."

ಅವರು ಮಗಳನ್ನು ಕೂಗಿ ಕರೆದರು. ಅವಳು ಬರುವಷ್ಟರಲ್ಲಿ ನಾನು ಚೀಲದಿಂದ ಕೋಣೆಯ ಬೀಗದ ಕೈ ತೆಗೆದೆ. ಕೋಣೆ ನನ್ನದಾಗಲಿದೆಯೆಂದು ಚನ್ನಪಟ್ಟಣದಲ್ಲಿ ಆರಿಸಿ ಕೊಂಡಿದ್ದ, ಕೆಂಪು ಅರಗಿನ ಪುಟ್ಟ ಗಿಣಿ ತೂಗುವ ಬಳೆಗೆ ಅದನ್ನು ಸಿಕ್ಕಿಸಿದ್ದೆ. ಉಗುರು ನೋಯುವವರೆಗೂ ಬಳೆಯನ್ನು ಬಿಡಿಸಿ ಬೀಗದ ಕೈಯನ್ನು ನಸೀಮಾಳ ಒದ್ದೆ ಅಂಗೈಯಲ್ಲಿಟ್ಟೆ. ಗಿಣಿಯನ್ನು ಕೊಡಲಿಲ್ಲ.